ಗಾಜಿನ ಮೇಲಿದ್ದ 9 ಮತ್ತು 6

ಹುಬ್ಬಳ್ಳಿಗೆ ವಾಪಸ್ ಬಂದು ಮೂರು ವರ್ಷ ಆಯಿತು. ಈಗಲೂ ದುರ್ಗದಬೈಲಿನಲ್ಲಿ ಗಿರ್ಮಿಟ್ ತಿನ್ನುತ್ತಾ ನಿಂತಾಗ ಯಾರಾದರೂ ಕೇಳುತ್ತಾರೆ: "ಲಾಸ್ ವೇಗಸ್‌ದಾಗ ಇದ್ರಂತಲ್ರೀ, ಕ್ಯಾಸಿನೊದಾಗ ರೊಕ್ಕ ಗಳಸಾಕ ಬರ್ತದೇನ್ರೀ?" ನಿಂತಲ್ಲೇ ಹೇಳಿ ಮುಗಿಸುವ ಮಾತಲ್ಲ ಅದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷ ನಾನು ಅಲ್ಲಿ ವಿಡಿಯೊ ಪೋಕರ್ ಆಡಿದ್ದೇನೆ. ಕೆಲಸ ಮುಗಿಸಿ ವಾರಕ್ಕೊಂದು ಸಂಜೆ. ಮಷಿನ್ ಐದು ಎಲೆ ಹಾಕುತ್ತದೆ. ಬೇಕಾದ್ದು ಇಟ್ಟುಕೊಂಡು ಉಳಿದದ್ದು ಬಿಟ್ಟರೆ ಬದಲಿ ಎಲೆ ಬರುತ್ತದೆ. ಆಟ ಅಷ್ಟೇ. ಆದರೆ ಪಕ್ಕದ, ಚಿತ್ರ ಸುತ್ತುವ ಸ್ಲಾಟ್ ಮಷಿನ್‌ಗೂ ಇದಕ್ಕೂ ಅಜಗಜಾಂತರ. ಮಷಿನ್ ಇಸ್ಪೀಟೆಲೆ ತೋರಿಸಿದರೆ, ಪ್ರತಿ ಎಲೆಯೂ ಬರುವ ಸಾಧ್ಯತೆ ನಿಜವಾದ ಕಟ್ಟಿನಲ್ಲಿ ಇದ್ದಷ್ಟೇ ಇರಬೇಕು ಅಂತ ಲಾಸ್ ವೇಗಸ್ ಇರುವ ನೆವಾಡ ರಾಜ್ಯದಲ್ಲಿ ನಿಯಮ ಇದೆ. ಯಾವ ಕೈಗೆ, ಅಂದರೆ ಕೊನೆಗೆ ಉಳಿದ ಐದು ಎಲೆಗೆ, ಎಷ್ಟು ಕೊಡುತ್ತಾರೆ ಅನ್ನೋದು ಮಷಿನ್ ಗಾಜಿನ ಮೇಲೇ ಇರುತ್ತದೆ. 52 ಎಲೆ ಗೊತ್ತು, ದರ ಗೊತ್ತು. ಕೂತು ಲೆಕ್ಕ ಹಾಕಬಹುದು.

'ಜಾಕ್ಸ್ ಆರ್ ಬೆಟರ್' ಅನ್ನುವ ಆಟದಲ್ಲಿ ಹಾಕಿದ ಒಂದೊಂದು ನಾಣ್ಯಕ್ಕೆ ಫುಲ್ ಹೌಸ್‌ಗೆ (ಒಂದೇ ಅಂಕಿಯ ಮೂರು, ಇನ್ನೊಂದರ ಜೋಡಿ) 9, ಫ್ಲಶ್‌ಗೆ (ಐದೂ ಒಂದೇ ಜಾತಿ) 6 ಇದ್ದರೆ, ತಪ್ಪಿಲ್ಲದೆ ಆಡಿದವನಿಗೆ ಕಾಲ ಕಳೆದಂತೆ ನೂರಕ್ಕೆ 99.54 ವಾಪಸ್ ಬರುತ್ತದೆ. ತಪ್ಪಿಲ್ಲದೆ ಆಡೋದು ಅಂದರೆ ಏನು ಅಂತ ಒಂದು ಕೈ ಹೇಳುತ್ತೇನೆ. ಒಂದು ಸಂಜೆ ನನಗೆ ಇಸ್ಪೇಟಿನ ರಾಜ, ರಾಣಿ, ಗುಲಾಮ, ಹತ್ತು ಬಂದವು. ಐದನೆಯದು ಇಸ್ಪೇಟಿನದೇ ಮೂರು. ಐದು ನಾಣ್ಯ ಹಾಕಿದ್ದೆ, ಹಾಗಾಗಿ ಫ್ಲಶ್‌ಗೆ 30 ನಾಣ್ಯ ಖಾತ್ರಿ. ನಾನು ಆ ಮೂರನ್ನು ಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ತೋಳು ಹಿಡಿದು ಬೇಡ ಬೇಡ ಅಂದಳು. ಉಳಿದ 47 ಎಲೆಗಳಲ್ಲಿ ಇಸ್ಪೇಟಿನ ಎಕ್ಕ ಒಂದೇ ಇತ್ತು. ಅದು ಬಂದರೆ ಹತ್ತರಿಂದ ಎಕ್ಕದವರೆಗೆ ಒಂದೇ ಜಾತಿಯ ರಾಯಲ್ ಫ್ಲಶ್, 4000 ನಾಣ್ಯ. ಬರದಿದ್ದರೂ ಸ್ಟ್ರೇಟು (ಸಾಲಾಗಿ ಐದು ಎಲೆ), ಫ್ಲಶ್ಶು, ಜೋಡಿ ಅಂತ ಏನಾದರೂ ಆಗಬಹುದು. ಎಲ್ಲ ಸೇರಿಸಿದರೆ ಆ ನಾಲ್ಕು ಎಲೆಯ ಬೆಲೆ ಸರಾಸರಿ ಸುಮಾರು 98 ನಾಣ್ಯ. ಬಂದದ್ದು ಮಾತ್ರ ಕೆಂಪು ನಾಲ್ಕು! ಏನೂ ಸಿಗಲಿಲ್ಲ. ಆದರೂ ನಾನು ಮಾಡಿದ್ದು ಸರಿ. ಮತ್ತೆ ಅದೇ ಕೈ ಬಂದರೂ ಹಾಗೇ ಆಡುತ್ತೇನೆ. ಇದನ್ನು ಮನಸ್ಸಿಗೆ ಒಪ್ಪಿಸೋಕೆ ನನಗೆ ಒಂದು ವರ್ಷವೇ ಬೇಕಾಯಿತು. ರಾಯಲ್ ಫ್ಲಶ್ ಬರೋದು ಸುಮಾರು 40,000 ಕೈಗೆ ಒಂದು ಸಲ. ಅಲ್ಲಿಯವರೆಗೆ ಹೆಚ್ಚಿನ ಸಂಜೆ ಸೋತೇ ಮನೆಗೆ ಬರಬೇಕು.

ಹಾಗಾದರೆ ಲಾಭ ಎಲ್ಲಿಂದ? ಆಡುವವರಿಗೆ ಕ್ಯಾಸಿನೊ ಕೊಡುವ ಕ್ಲಬ್ ಕಾರ್ಡಿನಿಂದ. ಆಡಿದ ದುಡ್ಡಿಗೆ ನೂರಕ್ಕೆ ಕಾಲು ವಾಪಸ್ ಕೊಡುತ್ತಿದ್ದರು, ಕೆಲವು ದಿನ ಅದರ ಮೂರು ಪಟ್ಟು. 99.54ಕ್ಕೆ ಮುಕ್ಕಾಲು ಸೇರಿದರೆ ನೂರು ದಾಟಿತು, ಅಲ್ವಾ? ನಾನು ಆಡುತ್ತಿದ್ದದ್ದು ಅಂಥ ದಿನಗಳಲ್ಲಿ ಮಾತ್ರ. ನನ್ನ ವಹಿಯಲ್ಲಿ ಲಾಭ ಇದೆ. ಗಂಟೆಗೆ ಹಂಚಿದರೆ ಒಂದು ಕಾಫಿಯ ದುಡ್ಡು.

ಆಮೇಲೆ ಒಂದೊಂದೇ ಬದಲಾಯಿತು. ಮೊದಲು ಮೂರು ಪಟ್ಟಿನ ದಿನಗಳಿಂದ ವಿಡಿಯೊ ಪೋಕರನ್ನು ಹೊರಗಿಟ್ಟರು. ಆಮೇಲೆ ಒಂದು ಸಂಜೆ ಹೋದಾಗ ಅದೇ ಮೂಲೆ, ಅದೇ ಕುರ್ಚಿ, ಅದೇ ಮಷಿನ್. ಗಾಜಿನ ಮೇಲೆ 9 ಇದ್ದಲ್ಲಿ 8, 6 ಇದ್ದಲ್ಲಿ 5. ಸುಮ್ನೆ ಎರಡು ಅಂಕಿ ಅನ್ನಿಸುತ್ತದೆ. 25 ಸೆಂಟಿನ ಮಷಿನ್‌ನಲ್ಲಿ ಐದು ನಾಣ್ಯದಂತೆ ಗಂಟೆಗೆ 600 ಕೈ ಆಡಿದರೆ 750 ಡಾಲರ್ ಓಡುತ್ತದೆ. ಮೊದಲಿನ ದರದಲ್ಲಿ ಗಂಟೆಗೆ ಮೂರೂವರೆ ಡಾಲರ್ ನಷ್ಟ, ಹೊಸ ದರದಲ್ಲಿ ಇಪ್ಪತ್ತು. ವರ್ಷಗಟ್ಟಲೆ ಕಲಿತ ಆಟ ನನ್ನ ಕೈಯಲ್ಲಿ ಹಾಗೇ ಇತ್ತು. ಅದಕ್ಕೆ ಅಲ್ಲಿ ಬೆಲೆ ಇರಲಿಲ್ಲ. ಜೊತೆಗೆ ಆಡುತ್ತಿದ್ದವರು ಮಾತ್ರ ಅಭ್ಯಾಸಬಲದಿಂದ ಅಲ್ಲೇ ಕೂತಿದ್ದರು. ನೋಡಿ ಸಂಕಟ ಆಯಿತು.

ನಮ್ಮಪ್ಪ ಬ್ಯಾಡಗಿ ಮಾರ್ಕೆಟ್ಟಿಗೆ ಮೆಣಸಿನಕಾಯಿ ಒಯ್ಯುತ್ತಿದ್ದರು. ಹೋದ ವಾರದ ದರ ನಂಬಿ ಯಾವತ್ತೂ ಮಾಲು ಕೊಟ್ಟವರಲ್ಲ. ಆ ದಿನದ ದರ ಗಿಟ್ಟದಿದ್ದರೆ ಚೀಲ ವಾಪಸ್ ಗಾಡಿಗೆ. ಆ ಸಂಜೆ ನಾನೂ ಹಾಗೇ ಎದ್ದು ಬಂದೆ.

ಇಷ್ಟೆಲ್ಲ ಬರೆಯೋಕೆ ಕಾರಣ ನನ್ನ ಅಕ್ಕನ ಮಗ. ಗೋಕುಲ ರೋಡಿನಲ್ಲಿ ಕೆಲಸ. ಫೋನಿನಲ್ಲಿ ರಮ್ಮಿ ಆಡಿ ಬೈಕ್ ಮಾರಿದ. ಕೇಳಿದರೆ, ರಮ್ಮಿ ಕೌಶಲದ ಆಟ ಅಂತ 1968ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅನ್ನುತ್ತಿದ್ದ. ಹೇಳಿದ್ದು ನಿಜ. ಆದರೆ ಪ್ರತಿ ಆಟಕ್ಕೆ ಆ್ಯಪ್ ಹಿಡಿಯುತ್ತಿದ್ದ ಕಮಿಷನ್ ಎಷ್ಟು ಅಂದರೆ ಅವನಿಗೆ ಗೊತ್ತಿರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕಟ್ಟಿದ ಪೂರ್ತಿ ದುಡ್ಡಿನ ಮೇಲೆ 28 ಪರ್ಸೆಂಟ್ ಜಿಎಸ್‌ಟಿ ಬಂದಾಗಲೂ ಮೊದಲಿನಂತೆಯೇ ಆಡಿದ. ಎದುರಿನವರಿಗಿಂತ ಚೆನ್ನಾಗಿ ಆಡಿದರೆ ಸಾಕು ಅಂದುಕೊಂಡಿದ್ದ. ಎಷ್ಟು ಚೆನ್ನಾಗಿ ಆಡಬೇಕು ಅಂತ ಲೆಕ್ಕ ಹಾಕದೆ ಅದನ್ನು ಕೌಶಲ ಅಂತ ಕರೆಯೋದು ತಪ್ಪು. ನಮ್ಮ ಊರಿನ ಎಷ್ಟೋ ಹುಡುಗರು ಹೀಗೇ ಮುಳುಗಿದರು.

2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧದ ಕಾಯ್ದೆ ಬಂತು. ಈಗ ಗೆಳೆಯರೆಲ್ಲ ಶನಿವಾರ ಕಾರು ಮಾಡಿಕೊಂಡು ಪಣಜಿಯ ಕ್ಯಾಸಿನೊಗೆ ಹೊರಡುತ್ತಾರೆ. ಮೊನ್ನೆ ಇವನೂ ಹೋಗಿದ್ದ. ಆಡುವ ಮೊದಲು ಗಾಜಿನ ಫೋಟೊ ಕಳಿಸು ಅಂದಿದ್ದೆ. ರಾತ್ರಿ ಹತ್ತಕ್ಕೆ ಕಳಿಸಿದ. ಸ್ಲಾಟ್ ಮಷಿನ್. ಯಾವ ಚಿತ್ರ ಬಂದರೆ ಎಷ್ಟು ಕೊಡುತ್ತಾರೆ ಅಂತ ಬರೆದಿತ್ತು. ಆ ಚಿತ್ರ ಎಷ್ಟು ಸಲಕ್ಕೊಮ್ಮೆ ಬರುತ್ತದೆ ಅಂತ ಎಲ್ಲೂ ಇರಲಿಲ್ಲ. ಫೋನ್ ಮಾಡಿ ಅಷ್ಟೇ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಮಾಮಾ, ಹೊರಗ ಬಂದ್ ಹೊಳಿ ದಂಡಿಗೆ ಕುಂತೀನಿ" ಅಂದ.