ಓದೋದಕ್ಕೂ ಒಂದು ಸೀಸನ್ ಇತ್ತು ನಮ್ಮೂರಲ್ಲಿ

ನಾನು ಓದಿದ ಪುಸ್ತಕದ ಬಗ್ಗೆ ಬರೀತೀನಿ. ದೊಡ್ಡ ವಿಮರ್ಶೆ ಅಲ್ಲ, ಯಾವ ಪುಸ್ತಕ, ಏನು ಹಿಡಿಸ್ತು, ಎಲ್ಲಿ ಬೋರ್ ಆಯ್ತು, ಯಾರಿಗೆ ಕೊಡಬೋದು, ಅಷ್ಟೇ. ಊರು ಶಿರಸಿ ಹತ್ರ ಒಂದು ಹಳ್ಳಿ, ಹೆಂಡತಿ ಹೊನ್ನಾವರದ ಕಡೆಯವಳು, ಇರೋದು ಡೊಂಬಿವಲಿ, ಕೆಲಸ ಠಾಣೆಯಲ್ಲಿ ಒಂದು ಕಂಪನಿ ಅಕೌಂಟ್ಸ್ ಸೆಕ್ಷನ್ನು. ಇಲ್ಲಿಗೆ ಬಂದು 14 ವರ್ಷ ಆಯ್ತು. ಕೆಲಸ, ಮನೆ, ಈ ಹವ್ಯಾಸ ಮೂರನ್ನೂ ಹೆಂಗೆ ಸಂಭಾಳಿಸ್ತೀರಿ ಅಂತ ಪರಿಚಯದವರು ಕೇಳ್ತಿರ್ತಾರೆ. ನಿಜ ಹೇಳ್ಬೇಕು ಅಂದ್ರೆ ತುಂಬಾ ದಿನ ನಾನು ಸಂಭಾಳಿಸ್ತಾನೇ ಇರ್ಲಿಲ್ಲ, ಬೇರೆಯವರು ಸಂಭಾಳಿಸ್ತಿದ್ರು, ನಂಗೆ ಅದು ಕಾಣ್ತಿರ್ಲಿಲ್ಲ.

ಎರಡು ವರ್ಷ ವಾರಕ್ಕೊಂದು ಪುಸ್ತಕ ಅಂತ ಹಠ ಹಿಡ್ದಿದ್ದೆ. ಭಾನುವಾರ ರಾತ್ರಿಯೊಳಗೆ ಬರ್ದು ಮುಗಿಸಲೇಬೇಕು. ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡೋ ಲೋಕಲ್ ಹಿಡಿದ್ರೆ ಕೂರೋಕೆ ಜಾಗ ಸಿಗ್ತದೆ, ಅದಕ್ಕೋಸ್ಕರ ಮನೆಯಿಂದ 20 ನಿಮಿಷ ಬೇಗ ಹೊರಡೋದು, ಮೂರು ಜನರ ಸೀಟಲ್ಲಿ ನಾಲ್ಕನೆಯವನಾಗಿ ತುದಿಗೆ ಕೂತು ಪುಸ್ತಕ ಬಿಚ್ಚೋದು. ಠಾಣೆ ಬರೋಷ್ಟರಲ್ಲಿ ಎಂಟ್ಹತ್ತು ಪುಟ. ಸಂಜೆ ಬರೋವಾಗ ನಿಂತು ಬರೋದು, ಪುಸ್ತಕ ಬಿಡಿ ಕೈ ಎತ್ತೋಕೂ ಆಗಲ್ಲ. ಮನೆಗೆ ಬಂದು ಊಟ ಆಗಿ, ಮಗಳು ಮಲಗಿದ ಮೇಲೆ ಹತ್ತೂವರೆಯಿಂದ ಹನ್ನೆರಡೂವರೆ ತನಕ ನಂದೇ ರಾಜ್ಯ. ಅಡುಗೆಮನೆ ಲೈಟು ಹಾಕ್ಕೊಂಡು ಅಲ್ಲೇ ನೆಲದ ಮೇಲೆ ಕೂತು ಬರೀತಿದ್ದೆ, ಯಾಕಂದ್ರೆ ಒಂದು ಬೆಡ್‌ರೂಮ್ ಮನೆ, ಹಾಲ್‌ನಲ್ಲಿ ಲೈಟು ಹಾಕಿದ್ರೆ ಕೂಸಿಗೆ ಎಚ್ಚರ ಆಗ್ತದೆ. ಆಮೇಲಾಮೇಲೆ ಬರೆದವರೇ ಪುಸ್ತಕ ಕಳ್ಸೋಕೆ ಶುರು ಮಾಡಿದ್ರು, ಇಂಥ ತಾರೀಖಿನೊಳಗೆ ನಾಲ್ಕು ಮಾತು ಬರ್ದುಕೊಡಿ ಅಂತ ಪ್ರೀತಿಯಿಂದಲೇ ಕೇಳೋರು, ಇಲ್ಲ ಅನ್ನೋಕೆ ಬಾಯಿ ಬರ್ತಿರ್ಲಿಲ್ಲ. ಹವ್ಯಾಸ ಹೋಗಿ ಎರಡನೇ ನೌಕರಿ ಆಗಿತ್ತು.

ಒಂದು ಭಾನುವಾರ ಮಧ್ಯಾಹ್ನ ಮಗಳಿಗೆ ಜ್ವರ. ಹೆಂಡತಿ ಒಂದು ಕೈಯಲ್ಲಿ ಒದ್ದೆ ಬಟ್ಟೆ ಹಣೆಗೆ ಒತ್ತುತ್ತಾ ಇನ್ನೊಂದು ಕಡೆ ಕುಕ್ಕರ್ ಸೀಟಿ ಎಣಿಸ್ತಾ ಇದ್ಲು, ನಾನು ಬಾಗಿಲು ಮುಂದೆ ಮಾಡ್ಕೊಂಡು ಕಡೇ ಪ್ಯಾರಾ ಬರೀತಿದ್ದೆ. ಹೊರಗೆ ಬಂದು ಮುಗೀತು ಕಣೇ ಅಂದೆ. ಅವಳು ಸಿಟ್ಟು ಮಾಡ್ಲಿಲ್ಲ, ಅದೇ ಕಷ್ಟ ಆಗಿದ್ದು. "ನಾನು ಕೊನೇ ಸಲ ಒಂದು ಪುಸ್ತಕ ಪೂರ್ತಿ ಓದಿದ್ದು ಯಾವಾಗ ಗೊತ್ತಾ? ಇವಳು ಹುಟ್ಟೋಕೆ ಮುಂಚೆ" ಅಂದ್ಲು. ಮದುವೆ ಆದಾಗ ಅವಳ ಪೆಟ್ಟಿಗೆಯಲ್ಲಿ ನನ್ನ ಪೆಟ್ಟಿಗೆಗಿಂತ ಜಾಸ್ತಿ ಪುಸ್ತಕ ಇತ್ತು. ಒಂಬತ್ತು ವರ್ಷ. ಆ ಒಂಬತ್ತು ವರ್ಷದಲ್ಲಿ ನಾನು ಎಷ್ಟು ಪುಸ್ತಕ ಓದಿದೀನಿ ಅಂತ ನನ್ನ ಹತ್ರ ಪಟ್ಟಿನೇ ಇದೆ, ಇಸವಿ ಸಮೇತ.

ಆವತ್ತಿಂದ ನಮ್ಮನೇಲಿ ಓದ್ತಿದ್ದಿದ್ದು ಹೆಂಗೆ ಅಂತ ಬಹಳ ನೆನಪು ಮಾಡ್ಕೊಂಡಿದೀನಿ.

ಅಡಿಕೆ ಕೊಯ್ಲಿನ ಟೈಮು. ಹಗಲು ಕೊನೆಗೌಡ, ಅಂದ್ರೆ ಮರ ಹತ್ತಿ ಕೊನೆ ಕೊಯ್ಯೋನು, ಇಳಿಸಿದ ಹಸಿ ಅಡಿಕೆಯನ್ನ ಕೆಂಪಡಿಕೆ ಮಾಡೋದಿದ್ರೆ ಇಟ್ಕೊಂಡು ಕೂರೋಕಾಗಲ್ಲ, ಸುಲಿದು ತೊಗರಿನಲ್ಲಿ, ಅಂದ್ರೆ ಅಡಿಕೆ ಬೇಯಿಸಿದ ಕೆಂಪು ನೀರಲ್ಲಿ, ಬೇಯಿಸ್ಬೇಕು. ಅದಕ್ಕೆ ರಾತ್ರಿ ಊಟ ಆದ್ಮೇಲೆ ಅಕ್ಕಪಕ್ಕದ ಮನೆಯವರೆಲ್ಲ ಸೇರಿ ಹತ್ತು ಹನ್ನೆರಡು ಮೆಟ್ಟುಗತ್ತಿ ಸಾಲಾಗಿ. ಮಣೆ ಮೇಲೆ ಕಾಲಿಟ್ಟು ಅಡಿಕೆಯನ್ನ ಕತ್ತಿಗೆ ಒತ್ತಿ ತಿರುಗಿಸಿದ್ರೆ ಸಿಪ್ಪೆ ಆಕಡೆ, ಅಡಿಕೆ ಈಕಡೆ, ಕೈಯೆಲ್ಲ ಚೊಗರು ಹತ್ತಿ ಕಪ್ಪು. ಕಣ್ಣು ಕತ್ತಿ ಮೇಲೇ ಇರ್ಬೇಕು ಆದ್ರೆ ಕಿವಿ ಖಾಲಿ ತಾನೆ? ಆ ಕಿವಿಗೆ ನಾನು. ಸುಲಿಯೋಕೆ ಬರದ ಮಕ್ಕಳಿಗೆ ಓದೋ ಕೆಲಸ ಕೊಡ್ತಿದ್ರು. ತರಂಗದ ಧಾರಾವಾಹಿ, ಕಸ್ತೂರಿ ಕೊನೇಲಿ ಬರ್ತಿದ್ದ ಪುಸ್ತಕ ವಿಭಾಗ, ಅದರಲ್ಲಿ ಒಂದಿಡೀ ಪುಸ್ತಕವನ್ನ ಚಿಕ್ಕದು ಮಾಡಿ ಕೊಡ್ತಿದ್ರಲ್ಲ, ಅದು ಎರಡು ರಾತ್ರಿಗೆ ಸರಿ ಆಗ್ತಿತ್ತು. ನಾನು ನಿಲ್ಸಿದ್ರೆ "ಮುಂದೆ ಎಂತಾ ಆತು, ಓದಾ ಮಾಣಿ" ಅಂತ ಯಾರೋ ಒಬ್ರು. ಮಧ್ಯ ಮಧ್ಯ ವಾದ ಬೇರೆ, ಅವಳು ಹಂಗೆ ಮಾಡಬಾರ್ದಿತ್ತು, ಅವನದೇ ತಪ್ಪು ಅಂತ. ನಾನು ಈಗ ಬರೆಯೋದಕ್ಕೂ ಅಲ್ಲಿ ಅವರು ಮಾತಾಡ್ತಿದ್ದಕ್ಕೂ ಬಹಳ ವ್ಯತ್ಯಾಸ ಇಲ್ಲ ಅನಿಸ್ತದೆ, ಒಂದೇ ಏನಂದ್ರೆ ಅವರು ಕೆಲಸ ಬಿಟ್ಟು ಎದ್ದು ಹೋಗಿ ಬಾಗಿಲು ಹಾಕ್ಕೊಂಡು ಮಾತಾಡ್ತಿರ್ಲಿಲ್ಲ.

ಇನ್ನು ಮಳೆಗಾಲ. ಶಿರಸಿ ಮಳೆ ಗೊತ್ತಿದ್ದವರಿಗೆ ಹೇಳೋದೇ ಬೇಡ. ಮಳೆ ಹಿಡಿಯೋ ಮುಂಚೆ ತೋಟಕ್ಕೆ ಒಂದ್ಸಲ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯೋದು, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು ಒಂದು ಕೆಜಿ ಸುಣ್ಣ, ಮತ್ತೆ ನಲವತ್ತು ದಿನ ಬಿಟ್ಟು ಮಳೆ ಹೊಳವಾದಾಗ ಇನ್ನೊಂದ್ಸಲ. ಆ ನಡುವೆ ಜಡಿಮಳೆ ಹಿಡಿದ್ರೆ ಅಪ್ಪಯ್ಯ ಜಗಲಿ ಮೇಲೆ ಕಂಬಳಿ ಹೊದ್ದು ಓದೋಕೆ ಕೂತ ಅಂದ್ರೆ ಕೂತ. ಆದ್ರೆ ಕೊಯ್ಲಿನ ದಿನದಲ್ಲಿ ಅಪ್ಪಯ್ಯ ತಾನಾಗಿ ಪುಸ್ತಕ ಮುಟ್ಟಿದ್ದು ನಾ ನೋಡಿಲ್ಲ, ಮುಟ್ಟಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ದೂ ನೋಡಿಲ್ಲ. ಓದೋದಕ್ಕೂ ಒಂದು ಸೀಸನ್ ಇತ್ತು. ಮುಂಬೈ ಕಡೆ ನಮ್ಮಂಥವರ ಜೀವನಕ್ಕೆ ಸೀಸನ್ನೇ ಇಲ್ಲ, ವರ್ಷವಿಡೀ ಒಂದೇ ಲೋಕಲ್ಲು ಒಂದೇ ಟೈಮು, ಅದಕ್ಕೇ ಓದೋದನ್ನೂ ವಾರದ ಲೆಕ್ಕಕ್ಕೆ ಕಟ್ಟಿಹಾಕ್ತೀವಿ.

ಆದ್ರೆ ಊರಲ್ಲಿ ಎಲ್ಲಾ ಚೆನ್ನಾಗಿತ್ತು ಅಂತ ಹೇಳೋಕೆ ನಂಗೆ ಮನಸ್ಸು ಒಪ್ಪಲ್ಲ. ಮಳೆಗಾಲದ ಜಗಲಿ ಅಪ್ಪಯ್ಯನದ್ದು, ಆಯಿದಲ್ಲ, ಅಂದ್ರೆ ನನ್ನ ಅಮ್ಮನದ್ದಲ್ಲ. ಆಯಿ ಓದ್ತಿದ್ದಿದ್ದು ಒಲೆ ಮುಂದೆ, ಹಾಲು ಕಾಯೋಷ್ಟು ಹೊತ್ತು. ಪುಸ್ತಕದ ಮೇಲೆ ಹಿಟ್ಟಿನ ಬೆರಳಿನ ಗುರುತು ಇರ್ತಿತ್ತು, ಪುಟ ನೆನಪಿಗೆ ಬಾಳೆಎಲೆ ತುದಿ ಹರಿದು ಇಡ್ತಿದ್ಲು, ಅದು ಒಣಗಿ ಕಂದು ಆಗಿ ಪುಟಕ್ಕೆ ಅಂಟ್ಕೊಂಡು ಗೆರೆಗೆರೆ ಅಚ್ಚು ಬಿದ್ದಿರೋ ಪುಸ್ತಕ ಈಗಲೂ ನಮ್ಮನೆ ಗೋಡೆಯ ನಾಗಂದಿಗೆ ಹಲಗೆ ಮೇಲಿದೆ. ಆಯಿ ಓದ್ತಾ ಇರುವಾಗ ಯಾರಾದ್ರೂ ಆಸರಿ, ಅಂದ್ರೆ ಕುಡಿಯೋಕೆ ಏನಾದ್ರೂ, ಕೇಳಿದ್ರೆ ಪುಸ್ತಕ ಮಡಚಿ ಏಳ್ಬೇಕು. ಅಪ್ಪಯ್ಯ ಓದ್ತಾ ಇದ್ರೆ ಆಸರಿ ಕೂತಲ್ಲಿಗೇ ಬರ್ತಿತ್ತು. ಚಿಕ್ಕವನಿದ್ದಾಗ ಇದು ಲಕ್ಷ್ಯಕ್ಕೇ ಬಂದಿರ್ಲಿಲ್ಲ. ಡೊಂಬಿವಲಿಯ ಒಂದು ಬೆಡ್‌ರೂಮ್ ಮನೇಲಿ ನಾನು ಅದೇ ಜಗಲಿಯನ್ನೇ ಮತ್ತೆ ಕಟ್ಕೊಂಡಿದ್ದೆ.

ಇಲ್ಲಿ ನಮ್ಮ ಪಕ್ಕದ ಮನೆಯ ಮರಾಠಿ ಕುಟುಂಬ ನೋಡಿ ನಾನು ಕಲ್ತಿದ್ದು ಬಹಳ ಇದೆ. ದಿವಾಳಿ ಅಂಕ, ಅಂದ್ರೆ ಪತ್ರಿಕೆಗಳ ದೀಪಾವಳಿ ವಿಶೇಷಾಂಕ, ಅವ್ರಿಗೆ ಹಬ್ಬದ ತಿಂಡಿ ಫರಾಳದಷ್ಟೇ ಮುಖ್ಯ. 1909ರಲ್ಲಿ ಮನೋರಂಜನ ಅನ್ನೋ ಮಾಸಪತ್ರಿಕೆ ಶುರು ಮಾಡಿದ ರೂಢಿ ಅದು, ಇವತ್ತಿಗೂ ನೂರಾರು ಅಂಕ ಬರ್ತವೆ. ಲೈಬ್ರರಿಯವರು ಇಷ್ಟು ದುಡ್ಡು ಅಂತ ತಗೊಂಡು ಮುಂದಿನ ಕೆಲವು ತಿಂಗಳು ಒಂದಾದ ಮೇಲೊಂದು ಅಂಕ ಓದೋಕೆ ಕೊಡ್ತಾರೆ. ಮನೆಗೆ ಒಂದು ಅಂಕ ಬಂದ್ರೆ ಮೊದಲು ಆಜೋಬಾ ಅಂದ್ರೆ ಆ ಮನೆಯ ಅಜ್ಜ, ಆಮೇಲೆ ಕಾಕೂ ಅಂತ ನಾವು ಕರೆಯೋ ಮನೆಯಾಕೆ, ಆಮೇಲೆ ಕಾಲೇಜಿಗೆ ಹೋಗೋ ಮಗ, ವಾಪಸ್ ಕೊಡೋ ತಾರೀಖು ಹತ್ರ ಬಂದ್ರೆ ಯಾರದ್ದು ಮುಗಿದಿಲ್ಲ ಅಂತ ಜೋರು ಚರ್ಚೆ, ಕಾಕೂದು ಮುಗಿದಿಲ್ಲ ಅಂದ್ರೆ ಆವತ್ತು ಆಜೋಬಾನೇ ಬಟಾಟೆ ಸುಲೀತಾರೆ. ನಾನು ಕಣ್ಣಾರೆ ನೋಡಿದ್ದು. ಪುಸ್ತಕ ಅನ್ನೋದು ಮನೆಗೆ ಬಂದ ನೆಂಟ ಇದ್ದಂಗೆ, ಎಲ್ರೂ ಮಾತಾಡಿಸ್ಬೇಕು ಅನ್ನೋ ಥರ. ಮಹಾಬಳೇಶ್ವರದ ದಾರಿಯಲ್ಲಿ ಪಂಚಗಣಿ ಹತ್ರ ಭಿಲಾರ್ ಅಂತ ಒಂದು ಊರನ್ನ 2017ರಲ್ಲಿ ಪುಸ್ತಕಗಳ ಊರು ಅಂತಲೇ ಮಾಡಿದಾರೆ, ಸ್ಟ್ರಾಬೆರಿ ಬೆಳೆಯೋರ ಮನೆಮನೆಗಳಲ್ಲಿ ಪುಸ್ತಕ ಇಟ್ಟು, ಹೋದವರು ಅಲ್ಲೇ ಕೂತು ಓದಬೋದು. ಅಡಿಕೆ ತೋಟದ ಮಧ್ಯೆ ಅಂಥದ್ದೊಂದು ಊರು ನಮ್ಮಲ್ಲಿ ಯಾಕಾಗಬಾರ್ದು ಅಂತ ನಂಗೆ ಹೊಟ್ಟೆಕಿಚ್ಚೇ ಆಗಿತ್ತು ಹೋದಾಗ.

ಮುಂಬೈ ನೌಕರಿಗೂ ಬರವಣಿಗೆಗೂ ಆಗಿಬರಲ್ಲ ಅಂತ ನಾನೂ ಕೆಲವು ಸಲ ಹೇಳಿದ್ದುಂಟು, ಆದ್ರೆ ನಮ್ಮ ಜಿಲ್ಲೆಯವರು ಹಂಗೆ ಹೇಳೋ ಹಂಗಿಲ್ಲ. ಹನೇಹಳ್ಳಿಯ ಯಶವಂತ ಚಿತ್ತಾಲರು ಇದೇ ಮುಂಬೈಯಲ್ಲಿ ಪ್ಲಾಸ್ಟಿಕ್ ಉದ್ಯಮದಲ್ಲಿ ಕೆಲಸ ಮಾಡ್ಕೊಂಡೇ ಬರೆದವರು. ಅಂಕೋಲೆ ಕಡೆಯ ದಿನಕರ ದೇಸಾಯರು ಮುಂಬೈಯಲ್ಲಿ ಕಾರ್ಮಿಕರ ಸಂಘಟನೆ, ಊರಲ್ಲಿ ರೈತರ ಹೋರಾಟ, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಶಾಲೆ ಮೇಲೆ ಶಾಲೆ, 1967ರಲ್ಲಿ ಲೋಕಸಭೆಗೆ ಬೇರೆ ಗೆದ್ರು, ಇಷ್ಟರ ನಡುವೆ ಬರೆದಿದ್ದು ಚುಟುಕ. ನಾಲ್ಕೇ ಸಾಲು. ನಾನು ಅವರಿಂದ ತಗೊಂಡಿದ್ದು ಇದೇ, ಅಳತೆ. ಒಂದು ಪುಸ್ತಕಕ್ಕೆ ಸಾವಿರದಿನ್ನೂರು ಶಬ್ದ ಬರೀತಿದ್ದವನು ಈಗ ನೂರೈವತ್ತಕ್ಕೆ ನಿಲ್ಲಿಸ್ತೀನಿ. ಕತೆ ಏನು ಅಂತ ಹೇಳೋದನ್ನ ಪೂರ್ತಿ ಬಿಟ್ಟೆ, ಅದನ್ನ ಪುಸ್ತಕದ ಬೆನ್ನಲ್ಲೇ ಹಾಕಿರ್ತಾರೆ. ಸ್ಟೇಷನ್ನಿಂದ ಮನೆಗೆ ನಡ್ಕೊಂಡು ಬರೋ ಹದಿನೈದು ನಿಮಿಷ ಫೋನಿಗೆ ಹೇಳ್ತಾ ಬಂದ್ರೆ ಅದೇ ಟೈಪ್ ಮಾಡ್ಕೊಳ್ತದೆ, ತಪ್ಪು ತಿದ್ದೋಕೆ ಅರ್ಧ ಗಂಟೆ.

ವಾರದ ಲೆಕ್ಕ ಬಿಟ್ಟೆ. ಜೂನ್‌ನಿಂದ ಸೆಪ್ಟೆಂಬರ್ ಬರೆಯೋ ಕಾಲ, ಮಾರ್ಚ್ ಏಪ್ರಿಲ್ ಅಕೌಂಟ್ಸ್‌ನವರಿಗೆ ಕೊಯ್ಲು, ಆಗ ಪುಸ್ತಕದ ಬಗ್ಗೆ ಒಂದಕ್ಷರ ಇಲ್ಲ. ತಾರೀಖು ಹಾಕಿ ಕಳ್ಸೋ ಪುಸ್ತಕ ತಗೊಳ್ಳೋದೂ ನಿಲ್ಸಿದೀನಿ, ಇಬ್ಬರು ಮೂವರು ಬೇಜಾರು ಮಾಡ್ಕೊಂಡ್ರು, ನಂಗೂ ಬೇಜಾರಿದೆ. ಮಂಗಳವಾರ, ಶುಕ್ರವಾರ ರಾತ್ರಿ ಅಡುಗೆ ನಂದು. ಆ ಒಂದು ಗಂಟೆ ಹೆಂಡತಿ ಬೆಡ್‌ರೂಮ್‌ಗೆ ಹೋಗಿ ಬಾಗಿಲು ಹಾಕ್ಕೋತಾಳೆ, ಕೂಸು ಏನಾದ್ರೂ ಕೇಳಿದ್ರೆ ನನ್ನ ಹತ್ರನೇ ಕೇಳ್ಬೇಕು. ಮೊದಲ ತಿಂಗಳು ಅವಳಿಗೆ ಓದೋಕೇ ಆಗ್ಲಿಲ್ಲವಂತೆ, ಕೂತ್ರೆ ನಿದ್ದೆ ಬರ್ತಿತ್ತು, ಇಲ್ಲಾ ನಾನು ಉಪ್ಪು ಹಾಕಿದ್ನಾ ಇಲ್ವಾ ಅನ್ನೋ ಯೋಚನೆ. ಒಂಬತ್ತು ವರ್ಷ ಬಿಟ್ಟ ಅಭ್ಯಾಸ ವಾಪಸ್ ಬರೋಕೆ ಟೈಮ್ ಬೇಕು, ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಕೆಲವರು ಒಂದು ವಾರ ಟೈಮ್ ಕೊಟ್ಟು ನೋಡು ಅವಳಿಗೇ ಇಂಟ್ರೆಸ್ಟ್ ಇಲ್ಲ ಅಂದ್ಬಿಡ್ತಾರೆ.

ಮಗಳ ವಿಷಯ ಇನ್ನೂ ಸರಿಹೋಗಿಲ್ಲ. ಅವಳು ಮರಾಠಿ ಚೆನ್ನಾಗಿ ಓದ್ತಾಳೆ, ಮಹಾರಾಷ್ಟ್ರದ ಪಠ್ಯಪುಸ್ತಕ ಮಾಡೋ ಬಾಲಭಾರತಿಯವರು 1971ರಿಂದ ತರ್ತಿರೋ ಕಿಶೋರ್ ಮಾಸಿಕ ಕಾಕೂ ಮನೆಯಿಂದ ತಂದು ಒಂದೇ ಕೂತಲ್ಲಿ ಮುಗಿಸ್ತಾಳೆ, ಕನ್ನಡ ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ಹಂಗಾಗಿ ಶನಿವಾರ ರಾತ್ರಿ ನಾನು ಜೋರಾಗಿ ಓದೋದು, ಅವಳು ಮತ್ತು ಅವಳಮ್ಮ ಬಟಾಣಿ ಬಿಡಿಸೋದೋ ಬಟ್ಟೆ ಮಡಚೋದೋ ಮಾಡ್ತಾ ಕೇಳೋದು. ಹೋದ ಚೌತಿಗೆ ಊರಿಗೆ ಹೋಗುವಾಗ ಮತ್ಸ್ಯಗಂಧ ರೈಲಿನಲ್ಲೂ ಓದಿದೆ, ಕುಮಟಾದಲ್ಲಿ ಇಳಿದು ದೇವಿಮನೆ ಘಟ್ಟ ಹತ್ತುವಾಗ ಮಾತ್ರ ಅವಳಿಗೆ ವಾಂತಿ ಬಂದಂಗೆ ಆಗಿ ನಿಲ್ಲಿಸ್ಬೇಕಾಯ್ತು. ಮನೆಗೆ ಹೋದ್ಮೇಲೆ ಆಯಿ ಒಂದು ಮಾತು ಕೇಳಿದ್ಲು, "ನೀ ಬರ್ದಿದ್ದು ಎಲ್ಲಾರೂ ಓದ್ತ್ವಡ, ಯಂಗೂ ಒಂದು ಹೇಳಲಾಗ್ತಿತ್ತಲೋ ಮಾಣಿ", ಎಲ್ಲರೂ ಓದ್ತಾರಂತೆ, ನಂಗೂ ಒಂದು ಹೇಳಬೋದಿತ್ತಲ್ಲ ಅಂತ. ಇಷ್ಟು ವರ್ಷದಲ್ಲಿ ನೂರಾರು ಪುಸ್ತಕದ ಬಗ್ಗೆ ಯಾರ್ಯಾರಿಗೋ ಹೇಳಿದೀನಿ, ಓದೋದು ಕಲ್ಸಿದ ಆಯಿಗೆ ಒಂದರ ಬಗ್ಗೆನೂ ಹೇಳಿರ್ಲಿಲ್ಲ. ಆವತ್ತು ಅವಳು ಚಕ್ಕುಲಿ ಸುತ್ತಿದ್ಲು, ನಾನು ಹಿಟ್ಟು ನಾದಿ ಕೊಡ್ತಾ ಹೇಳ್ದೆ. ಮಧ್ಯದಲ್ಲಿ ಅವಳು ಕೇಳಿದ ಎರಡು ಪ್ರಶ್ನೆಗೆ ನನ್ನ ಹತ್ರ ಉತ್ತರ ಇರ್ಲಿಲ್ಲ, ಬರೆಯುವಾಗ ಅದು ಹೊಳೆದೇ ಇರ್ಲಿಲ್ಲ ನಂಗೆ.

ಇದನ್ನ ಬರೀತಿರೋದು ಏಪ್ರಿಲ್ ಕೊನೇ ವಾರ. ಎರಡು ತಿಂಗಳು ಆಡಿಟ್ ಗಲಾಟೆ, ಒಂದು ಕಾದಂಬರಿ ಫೆಬ್ರವರಿಯಿಂದ ನನ್ನ ಬ್ಯಾಗಲ್ಲೇ ಓಡಾಡ್ತಿದೆ, ಪುಟ 112ಕ್ಕೆ ನಿಂತಿದೆ. ಮಂಗಳವಾರ, ಶುಕ್ರವಾರ ಅದನ್ನ ಬ್ಯಾಗಿಂದ ತೆಗ್ದು ಹೆಂಡತಿ ಓದ್ತಿದ್ಲು. ಹೋದ ಶುಕ್ರವಾರ ಮುಗಿಸಿದಾಳೆ. ಕೊನೇಲಿ ಏನಾಯ್ತು ಅಂತ ಕೇಳಿದ್ರೆ ಹೇಳ್ತಿಲ್ಲ, ಈ ಸಲ ಇದರ ಬಗ್ಗೆ ನಾನೇ ಬರೀತೀನಿ ಅಂತಿದಾಳೆ.