ಬೇಗ ಬಂದ ಲಸಿಕೆ ಅಂದ್ರೆ ಪರೀಕ್ಷೆ ಆಗದ ಲಸಿಕೆಯಾ?

ಮಂಗಳೂರಿನ ನಮ್ಮ ಫ್ಯಾಮಿಲಿ ಗ್ರೂಪಿಗೆ ಮತ್ತೆ ಅದೇ ಫಾರ್ವರ್ಡ್ ಬಂತು: ಲಸಿಕೆಗೆ ಹತ್ತು ವರ್ಷ ಬೇಕು, ಕೋವಿಡ್ ಲಸಿಕೆ ಒಂದೇ ವರ್ಷದಲ್ಲಿ ಬಂತು, ಅಂದ್ರೆ ಪರೀಕ್ಷೆಯೇ ಆಗಿಲ್ಲ ಅಂತ. ಕಳಿಸಿದ ಚಿಕ್ಕಮ್ಮನಿಗೆ ಮೊಮ್ಮಕ್ಕಳ ಚಿಂತೆ, ಅದು ತಪ್ಪಲ್ಲ. ಆದರೆ ಮಾತು ಸರಿಯಿಲ್ಲ. ಲಸಿಕೆಗೆ ಎಷ್ಟು ಕಾಲ ಬೇಕು ಅನ್ನೋದು ರೋಗದಿಂದ ರೋಗಕ್ಕೆ ಬೇರೆ.

ಮಲೇರಿಯ ನಮ್ಮೂರಿಗೆ ಹೊಸದಲ್ಲ ಅಲ್ವಾ? ಅದರ ಮೊದಲ ಲಸಿಕೆಯ ಕೆಲಸ ಶುರುವಾದದ್ದು 1987ರಲ್ಲಿ, ಮಕ್ಕಳಿಗೆ ವ್ಯಾಪಕವಾಗಿ ಕೊಡಬಹುದು ಎಂಬ ಶಿಫಾರಸು ಬಂದದ್ದು 2021ರಲ್ಲಿ. ಯಾಕಂದ್ರೆ ಮಲೇರಿಯ ತರುವ ಪರಾವಲಂಬಿ ಜೀವಿ ಲಿವರ್‌ನಲ್ಲಿ ಒಂದು ವೇಷ, ರಕ್ತದಲ್ಲಿ ಇನ್ನೊಂದು ವೇಷ ಹಾಕುತ್ತದೆ. ಇಷ್ಟಾದರೂ ಆ ಲಸಿಕೆ ಫಾಲ್ಸಿಪ್ಯಾರಮ್ ಎಂಬ ಬಗೆಯ ಮಲೇರಿಯಕ್ಕೆ ಮಾಡಿದ್ದು, ನಮ್ಮಲ್ಲಿ ಜಾಸ್ತಿ ಕಾಣುವ ವೈವಾಕ್ಸ್ ಎಂಬ ಬಗೆಗೆ ಅಲ್ಲ.

ಕೊರೊನಾದ ಕಥೆ ಬೇರೆ. ಅದರ ಮುಳ್ಳಿನಂಥ ಪ್ರೋಟೀನ್ ಮೇಲೆ ಅದೇ ಜಾತಿಯ ವೈರಸ್ಸಿನಿಂದ ಹಿಂದೆ ಬಂದಿದ್ದ ಸಾರ್ಸ್ ಕಾಯಿಲೆಯ ಕಾಲದಿಂದಲೇ ಕೆಲಸ ನಡೆದಿತ್ತು, ಹಣ ಮೊದಲೇ ಸಿಕ್ಕಿತು, ಪರೀಕ್ಷೆಯ ಒಂದು ಹಂತ ಮುಗಿಯುವ ಮೊದಲೇ ಮುಂದಿನದಕ್ಕೆ ತಯಾರಿ ಶುರುವಾಯಿತು, ಸೋಂಕು ಎಲ್ಲೆಡೆ ಇದ್ದದ್ದರಿಂದ ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯಬೇಕಾಗಲಿಲ್ಲ. ಹಾಗಂತ ಅಡ್ಡಪರಿಣಾಮವೇ ಇಲ್ಲ ಅಂತಲ್ಲ; ತೀರಾ ಅಪರೂಪದ್ದು ಲಕ್ಷಾಂತರ ಜನಕ್ಕೆ ಕೊಟ್ಟ ಮೇಲೆಯೇ ಕಾಣುತ್ತದೆ.

ಅನುಮಾನ ಬಂದರೆ ಸುಮ್ನೆ ನೀವೇ ನೋಡಿ. 2009ರಿಂದ ಹೊಸ ಲಸಿಕೆಯ ಟ್ರಯಲ್ (ಜನರ ಮೇಲೆ ಮಾಡುವ ಪರೀಕ್ಷೆ) ಅನ್ನು ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿ ತಾಣದಲ್ಲಿ ದಾಖಲಿಸುವುದು ಕಡ್ಡಾಯ, ಯಾರು ಬೇಕಾದರೂ ಓದಬಹುದು. ಲಸಿಕೆಯ ಹೆಸರು ಹಾಕಿ, ಎಷ್ಟನೇ ಹಂತ, ಎಷ್ಟು ಜನ ಅಂತ ಹುಡುಕಿ. ಚಿಕ್ಕಮ್ಮನಿಗೆ ನಾನು ಆ ಪುಟದ ಲಿಂಕ್ ಕಳಿಸಿದೆ, ಬುದ್ಧಿಮಾತು ಕಳಿಸಲಿಲ್ಲ.