ಲೇಡಿ ಕಾಲಿನ್ ಕ್ಯಾಂಪ್‌ಬೆಲ್ ಸೋತಿದ್ದು ಎಲ್ಲಿ?

1886ರ ಕೊನೆಯಲ್ಲಿ ಲಂಡನ್ನಿನಲ್ಲಿ ನಡೆದ ಕ್ಯಾಂಪ್‌ಬೆಲ್ ವಿಚ್ಛೇದನ ಮೊಕದ್ದಮೆಯ ಬಗ್ಗೆ ಬರೆಯುವವರೆಲ್ಲ ಬೀಗದ ಕಂಡಿಯಿಂದಲೇ ಶುರುಮಾಡುತ್ತಾರೆ. ಮನೆಯೊಡತಿ ಲೇಡಿ ಕಾಲಿನ್‌ಳನ್ನೂ ಅಗ್ನಿಶಾಮಕ ದಳದ ಮುಖ್ಯಸ್ಥ ಕ್ಯಾಪ್ಟನ್ ಶಾ ಅವರನ್ನೂ ಆ ಕಂಡಿಯಿಂದ ನೋಡಿದೆ ಎಂದು ಮನೆಯ ಮುಖ್ಯ ಸೇವಕ ಸಾಕ್ಷಿ ಹೇಳಿದ. ಅಲ್ಲಿಂದ ಅಷ್ಟೆಲ್ಲ ಕಾಣುತ್ತದೆಯೇ ಎಂದು ಪರೀಕ್ಷಿಸಲು ಜ್ಯೂರಿಯವರು ಆ ಮನೆಗೇ ಹೋದರು. ಪತ್ರಿಕೆಗಳಿಗೆ ಹಬ್ಬ. ಆದರೆ ನನ್ನ ಹೊಟ್ಟೆ ಉರಿಸುವುದು ಆ ಕಂಡಿಯಲ್ಲ, ಅವತ್ತಿನ ಕಾನೂನು.

ಗರ್ಟ್ರೂಡ್ ಬ್ಲಡ್ ಐರಿಷ್ ಮನೆತನದ ಹುಡುಗಿ. 1881ರಲ್ಲಿ ಆರ್ಗೈಲ್ ಡ್ಯೂಕ್‌ನ ಮಗ, ಸಂಸದ ಲಾರ್ಡ್ ಕಾಲಿನ್ ಕ್ಯಾಂಪ್‌ಬೆಲ್‌ನನ್ನು ಮದುವೆಯಾಗಿ ಲೇಡಿ ಕಾಲಿನ್ ಎನಿಸಿಕೊಂಡಳು. ವರನ ಕಾಯಿಲೆಯಿಂದಾಗಿ ಮದುವೆಯೇ ಮುಂದಕ್ಕೆ ಹೋಗಿತ್ತು. ಅದು ಗುಹ್ಯರೋಗ, ಅವನಿಂದ ಅವಳಿಗೂ ಅಂಟಿತು. ಇದು ಕ್ರೌರ್ಯವೆಂದು ಒಪ್ಪಿ 1884ರಲ್ಲಿ ಕೋರ್ಟು ಅವಳಿಗೆ ನ್ಯಾಯಿಕ ಪ್ರತ್ಯೇಕತೆ ಕೊಟ್ಟಿತು. ಅಂದರೆ ಬೇರೆ ಇರಬಹುದು, ಆದರೆ ಮದುವೆ ಮುರಿದಿಲ್ಲ, ಮರುಮದುವೆಗೆ ದಾರಿಯಿಲ್ಲ.

ಪೂರ್ತಿ ಬಿಡುಗಡೆಗೆ 1857ರ ಕಾನೂನು ಗಂಡಸಿಗೆ ಕೇಳುತ್ತಿದ್ದುದು ಒಂದೇ: ಹೆಂಡತಿಯ ವ್ಯಭಿಚಾರ. ಜೊತೆಗೆ ಅವಳ ಪ್ರಿಯಕರನೆನಿಸಿದವನಿಂದ ನಷ್ಟಪರಿಹಾರವನ್ನೂ ಅವನು ವಸೂಲಿ ಮಾಡಬಹುದಿತ್ತು. ಹೆಂಗಸಾದರೆ ಗಂಡನ ವ್ಯಭಿಚಾರವನ್ನು ಸಾಬೀತುಪಡಿಸಿದರೂ ಸಾಲದು. ಅದರ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ಕೈಬಿಟ್ಟದ್ದನ್ನೋ, ದ್ವಿಪತ್ನಿತ್ವದಂಥ ಇನ್ನೊಂದು ಅಪರಾಧವನ್ನೋ ತೋರಿಸಬೇಕು. ಗರ್ಟ್ರೂಡ್ ಬಳಿ ಕೋರ್ಟೇ ಮುದ್ರೆಯೊತ್ತಿದ ಕ್ರೌರ್ಯವಿತ್ತು, ವ್ಯಭಿಚಾರದ ಪುರಾವೆ ಇರಲಿಲ್ಲ. ಹಾಗಾಗಿ ಗಂಡನಿಗೂ ಮನೆಗೆಲಸದವಳಿಗೂ ಸಂಬಂಧವಿತ್ತು ಎಂಬ ಆರೋಪ ಬಂತು. ಆ ಕೆಲಸದವಳನ್ನು ವೈದ್ಯರು ಪರೀಕ್ಷಿಸಿ ಕನ್ಯೆಯೆಂದು ಹೇಳಿದರು. ಆರೋಪ ಅಲ್ಲಿಗೇ ಕುಸಿಯಿತು. ರೋಗ ಅಂಟಿಸಿದ ಗಂಡನಿಂದ ಬಿಡಿಸಿಕೊಳ್ಳಲು ಒಬ್ಬ ಹೆಂಗಸು ಇನ್ನೊಬ್ಬ ಬಡ ಹೆಂಗಸಿನ ಮೈಯನ್ನೇ ಪರೀಕ್ಷೆಗೆ ಒಡ್ಡುವಂತೆ ಮಾಡಿದ ಕಾನೂನಿದು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಹೇಯವಾದದ್ದು ನನಗೆ ಕಾಣುವುದಿಲ್ಲ. ಕ್ರೌರ್ಯವೊಂದೇ ವಿಚ್ಛೇದನಕ್ಕೆ ಸಾಕಾಗಿದ್ದರೆ ಅವಳ ಕೇಸು ಎರಡು ವರ್ಷ ಮೊದಲೇ ಮುಗಿಯುತ್ತಿತ್ತು. ಇಂಗ್ಲೆಂಡಿನಲ್ಲಿ ಅದಕ್ಕೆ 1937ರ ಕಾನೂನು ಬರಬೇಕಾಯಿತು.

ಅವಳ ಪ್ರಿಯಕರರೆಂದು ಗಂಡ ಹೆಸರಿಸಿದ್ದು ನಾಲ್ವರನ್ನು: ಮಾರ್ಲ್‌ಬರೋ ಡ್ಯೂಕ್, ಜನರಲ್ ಬಟ್ಲರ್, ಡಾಕ್ಟರ್ ಬರ್ಡ್, ಕ್ಯಾಪ್ಟನ್ ಶಾ. ಜನರಲ್ ಸಾಕ್ಷಿಕಟ್ಟೆಗೇ ಬರಲಿಲ್ಲ. ಜ್ಯೂರಿ ಅವನನ್ನು ಖಂಡಿಸಿತು. 18 ದಿನಗಳ ವಿಚಾರಣೆಯ ನಂತರ ತೀರ್ಪು: ಎರಡೂ ಕಡೆಯ ವ್ಯಭಿಚಾರ ಸಾಬೀತಾಗಿಲ್ಲ, ವಿಚ್ಛೇದನವಿಲ್ಲ.

ಇದನ್ನು ಸಮಬಲವೆಂದು ಬಣ್ಣಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಿರ್ದೋಷಿಯೆಂದು ತೀರ್ಪು ಬಂದ ಮೇಲೂ ಶ್ರೀಮಂತ ಸಮಾಜ ಬಾಗಿಲು ಮುಚ್ಚಿದ್ದು ಅವಳಿಗೆ. ಗಂಡ ಬಾಂಬೆಗೆ ಬಂದು ವಕೀಲಿ ಮಾಡಿದ, 1895ರಲ್ಲಿ ಅಲ್ಲೇ ತೀರಿಕೊಂಡ. ಅಲ್ಲಿಯವರೆಗೂ ಕಾನೂನಿನ ಕಣ್ಣಲ್ಲಿ ಅವಳು ಅವನ ಹೆಂಡತಿಯೇ. ಕಲಾವಿಮರ್ಶೆ, ಪತ್ರಿಕಾ ಬರಹ ಎಂದು ದುಡಿದು ಬದುಕು ಕಟ್ಟಿಕೊಂಡಳು, ಅದು ಅವಳ ಗಟ್ಟಿತನ.

ವ್ಯಭಿಚಾರದ ಪುರಾವೆಯಲ್ಲಿ ಗಂಡ ಹೆಂಡತಿಯರ ನಡುವಿನ ಈ ತಾರತಮ್ಯವನ್ನು ಇಂಗ್ಲೆಂಡ್ ತೆಗೆದದ್ದು 1923ರಲ್ಲಿ. ಆದರೆ ಅದೇ ಅಳತೆಗೋಲನ್ನು ಬ್ರಿಟಿಷರು 1869ರ ಭಾರತೀಯ ವಿಚ್ಛೇದನ ಕಾಯ್ದೆಯ 10ನೇ ಕಲಮಿನಲ್ಲಿ ಇಲ್ಲಿಗೂ ತಂದಿದ್ದರು. ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಮಂಗಳೂರಿನ ಕ್ರೈಸ್ತ ಹೆಣ್ಣುಮಕ್ಕಳಿಗೂ ಅದೇ ಲೆಕ್ಕ: ಗಂಡನಿಗೆ ಒಂದು ಪುರಾವೆ ಸಾಕು, ಹೆಂಡತಿಗೆ ಎರಡು ಬೇಕು. ನಮ್ಮ ಸಂಸತ್ತು ಆ ಕಲಮನ್ನು ತಿದ್ದಿದ್ದು 2001ರಲ್ಲಿ, ಇಂಗ್ಲೆಂಡ್ ತಿದ್ದಿಕೊಂಡು 78 ವರ್ಷಗಳಾದ ಮೇಲೆ.